ಹೊಳಗೇರಿನ ಹೊಗೆ

ದಾಂಡೇಲಿ ಕಾಡು, ಜನವರಿ ೧೯೪೧

ಭಾವ ದೇವೇಂದ್ರಪ್ಪನವರಿಗೆ ಕೊಟ್ರಬಸಪ್ಪನ ಶರಣು.

ನಾವು ಮರ ಕಡಿಯುವ ಈ ಕಾಡಿನಲ್ಲಿ, ದೊಡ್ಡ ಮರಗಳ ನೆರಳಿನೊಳಗೆ ಹೊಳಗೇರು ಎಂಬ ಮರ ಬೆಳೆಯುತ್ತದೆ. ಅದರ ಹಾಲು ಮೈ ಸುಡುತ್ತದೆ, ಹೊಗೆ ಇನ್ನೂ ಕೆಟ್ಟದ್ದು. ಕುಳ್ಳು, ಜೋಳದ ದಂಟು ಉರಿಸಿ ಬೆಳೆದ ನಮಗೆ ಇದು ಗೊತ್ತಿರಲಿಲ್ಲ. “ಮಾವ, ಇಷ್ಟು ಕಟಿಗಿ ಕುಷ್ಟಗ್ಯಾಗ ಇದ್ರ ನನ್ನ ಮದುವಿ ಅಡಗಿ ಆಗಿಬಿಡ್ತಿತ್ತು ನೋಡ್ರಿ” ಎಂದು ನಿಮ್ಮ ಮಗ ಫಕೀರಪ್ಪ ನಕ್ಕ. ಆ ಕಟ್ಟಿಗೆಯನ್ನು ಒಲೆಗೆ ಹಾಕಿದವನು ನಾನು, ಊದಿದವನು ಅವನು. ಅವನ ಎರಡೂ ಕಣ್ಣು ಹೋದವು. ಮರಳಿ ಬರುವುದಿಲ್ಲವೆಂದು ಡಾಕ್ಟರು ನನಗಷ್ಟೇ ಹೇಳಿದ್ದಾರೆ. ಕಣ್ಣಿನ ಪಟ್ಟಿ ಯಾವಾಗ ಬಿಚ್ಚುತ್ತಾರೆಂದು ಅವನು ದಿನವೂ ಕೇಳುತ್ತಾನೆ.

ಸೋಮವಾರ ಅವನನ್ನು ಕರೆತರುತ್ತೇನೆ, ನೀವೂ ಅಕ್ಕನೂ ಕೊಪ್ಪಳ ಸ್ಟೇಷನ್ನಿಗೆ ಬನ್ನಿ. ಅವನಿಗೆ ಗೊತ್ತಾದ ಹೆಣ್ಣಿನ ಕಡೆಯವರು ಬೇಡ. ಅಕ್ಕ ಮನೆಯಲ್ಲೇ ಅತ್ತು ಮುಗಿಸಲಿ. ಸ್ಟೇಷನ್ನಿನಲ್ಲಿ ಅವನನ್ನು ಎಂದಿನಂತೆ ಬೈಯಲಿ. ಅವನು ಈಗ ದನಿಯಿಂದಲೇ ಎಲ್ಲ ತಿಳಿದುಕೊಳ್ಳುತ್ತಾನೆ.

ಇಂತಿ,
ಕೊಟ್ರಬಸಪ್ಪ