ಆಲ್ಡಿ ಆನೆಗಳ ಮೊದಲ ಐದು ಪಂದ್ಯ

ಇಸ್ಮಾಯಿಲ್ ಅಂಕಲ್‌ಗೆ ರೇಷ್ಮಾಳ ಸಲಾಂ.

ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಯಾವಾಗಲೂ ಸ್ಕೋರ್ ಕೇಳಿದ ಮೇಲೆಯೇ ಕುಶಲ ಕೇಳುತ್ತಿದ್ದವರು. ನಿಮ್ಮ ಬೇಸ್‌ಬಾಲ್ ತಂಡ ಈ ಸೀಸನ್‌ನ ಮೊದಲ ನಾಲ್ಕು ಪಂದ್ಯಗಳನ್ನೂ ಸೋತಿತು. ಎರಡನೆಯದರಲ್ಲಂತೂ ಅವರದು ಹದಿನಾಲ್ಕು, ನಮ್ಮದು ಒಂದು. ಆ ಒಂದು ರನ್ ಕೂಡ ಅವರ ಪಿಚರ್ ಚೆಂಡೆಸೆಯುವಾಗ ಸೀನಿ, ಚೆಂಡು ಎತ್ತಲೋ ಹೋಗಿ ದಕ್ಕಿದ್ದು. ಏಪ್ರಿಲ್‌ನಲ್ಲಿ ಆಲ್ಡಿಯ ಗಾಳಿಯೆಲ್ಲ ಹೂವಿನ ಪುಡಿ ಎಂದು ನಿಮಗೆ ಗೊತ್ತೇ ಇದೆಯಲ್ಲ. ನಮ್ಮ ಪರವಾಗಿ ಆಡಿದ್ದು ಅದೊಂದೇ.

ಜನವರಿಯಲ್ಲಿ ಆಸ್ಪತ್ರೆಗೆ ಬಂದಾಗ ನೀವು ಹೇಳಿದ್ದು ನೆನಪಿದೆಯಾ? "ಟೀಮ್ ನೀನೇ ನೋಡ್ಕೊಳಮ್ಮ" ಎಂದಿರಿ. ನಾನು, "ಅಂಕಲ್, ನಾನು ಬರೀ ಸ್ಕೋರ್ ಬರೆಯೋಳು. ಒಂದ್ ದಿನಾನೂ ಬ್ಯಾಟ್ ಹಿಡಿದಿಲ್ಲ" ಎಂದೆ. "ಅದಕ್ಕೇ ಹೇಳಿದ್ದು. ಯಾರು ಹೆಂಗೆ ಆಡ್ತಿದ್ದಾರೆ ಅಂತ ನಿನಗೊಬ್ಳಿಗೇ ಗೊತ್ತು. ಮಿಕ್ಕೋರೆಲ್ಲ ಚೆನ್ನಾಗಿ ಆಡ್ತಿದ್ದೀವಿ ಅನ್ಕೊಂಡಿದ್ದಾರೆ" ಎಂದಿರಿ. ನರ್ಸ್ ಬಂದು ನನ್ನನ್ನು ಹೊರಗೆ ಕಳಿಸುವಾಗ ಬೆರಳೆತ್ತಿ ಇನ್ನೊಂದು ಮಾತು ಹೇಳಿದಿರಿ: "ಯಾರನ್ನ ಬೇಕಾದ್ರೂ ತೆಗಿ. ನಾಗರಾಜನ್ನ ಮಾತ್ರ ಮುಟ್ಬೇಡ." ಮಾರ್ಚ್ ಹೊತ್ತಿಗೆ ನೀವೇ ಬಂದು ನೋಡಿಕೊಳ್ಳುತ್ತೀರಲ್ಲ ಎಂದು ನಾನು ನಕ್ಕುಬಿಟ್ಟೆ. ಮಾರ್ಚ್ ಬಂತು, ನೀವು...

ಹನ್ನೊಂದು ವರ್ಷದ ಹಿಂದೆ ವರ್ಜೀನಿಯಾದ ಈ ಆಲ್ಡಿಯಲ್ಲಿ ಕ್ರಿಕೆಟ್ ಆಡಲು ಮೈದಾನ ಸಿಗದೆ, ಸಿಕ್ಕ ಮೈದಾನದ ಆಟವನ್ನೇ ಆಡೋಣ ಎಂದವರು ನೀವು. ಮೈಸೂರಿನವರ ತಂಡ ಎಂದು "ಆಲ್ಡಿ ಆನೆಗಳು" ಎಂದು ಹೆಸರಿಟ್ಟಿರಿ. ಇಂಗ್ಲಿಷಿನಲ್ಲಿ ಆನೆಗೆ ಒಂದು "ಎಸ್" ಸೇರಿಸಿ ನೀವು ಬರೆದದ್ದನ್ನು ಲೀಗಿನವರು "ಆನೀಸ್" ಎಂದೇ ಓದಿದರು. ಯಾರೋ ಆನಿ ಎಂಬುವಳ ತಂಡ! ಅಂಪೈರ್‌ಗಳು ನಿಮ್ಮನ್ನು "ಆನಿ ಎಲ್ಲಿ?" ಎಂದು ಕೇಳುತ್ತಿದ್ದರು, ನೀವು ಸ್ಕೋರ್ ಪುಸ್ತಕ ಹಿಡಿದು ಕೂತ ನನ್ನನ್ನು ತೋರಿಸಿ ಪಾರಾಗುತ್ತಿದ್ದಿರಿ. ಈಗ ನಿಜವಾಗಿಯೂ ನಾನೇ ಮ್ಯಾನೇಜರ್ ಆದದ್ದು ನೋಡಿ ಅವರಿಗೆಲ್ಲ ಸಮಾಧಾನ. "ಕೊನೆಗೂ ಆನಿ ಜವಾಬ್ದಾರಿ ತಗೊಂಡಳು" ಎಂದು ಮಾತಾಡಿಕೊಂಡರಂತೆ.

ಮೊದಲ ಪಂದ್ಯದ ಬೆಳಿಗ್ಗೆ ನನ್ನ ಗಂಡ ಇಮ್ರಾನ್ ಕನ್ನಡಿಯ ಮುಂದೆ ನಿಂತು ಕಾಲರ್ ಎತ್ತಿಕೊಂಡಾಗಲೇ ನನಗೆ ಅನುಮಾನ ಬಂದಿತ್ತು. ಕಾಲೇಜಿನಲ್ಲಿ ಯೂನಿವರ್ಸಿಟಿ ಟೀಮಿಗೆ ಕ್ರಿಕೆಟ್ ಆಡಿದವರು ಎಂಬುದನ್ನು ಅವರು ನಿಮಗೆ ಎಷ್ಟು ಸಲ ಹೇಳಿರಬಹುದು? ಮೊದಲ ಎರಡು ಸಲ ಬ್ಯಾಟಿಗೆ ಚೆಂಡು ತಾಗಲೇ ಇಲ್ಲ. ಮೂರನೆಯ ಸಲ ತಾಗಿತು. ಖುಷಿಗೆ ಬ್ಯಾಟ್ ಎಸೆಯುವುದನ್ನೇ ಮರೆತು, ಅದನ್ನು ಹಿಡಿದುಕೊಂಡೇ ಫಸ್ಟ್ ಬೇಸ್‌ಗೆ ಓಡಿದರು. ಇನ್ನೇನು ಎರಡು ಹೆಜ್ಜೆ ಇದೆ ಎನ್ನುವಾಗ ಬಗ್ಗಿ, ಬ್ಯಾಟನ್ನು ನೀಟಾಗಿ ಚಾಚಿ ಬೇಸಿನ ಮೇಲಿಟ್ಟು, ಅಲ್ಲೇ ನಿಂತರು! ಬೇಸನ್ನು ಮುಟ್ಟಬೇಕಾದದ್ದು ಕಾಲು. ಔಟ್.

"ಬ್ಯಾಟ್ ಕ್ರೀಸ್ ಒಳಗಿತ್ತು!" ಎಂದು ಅಂಪೈರ್ ಜೊತೆ ಕನ್ನಡದಲ್ಲೇ ಜಗಳಕ್ಕೆ ನಿಂತರು. ಅಂಪೈರ್ ನನ್ನ ಕಡೆ ತಿರುಗಿ, "ಆನಿ, ಏನು ಹೇಳುತ್ತಿದ್ದಾರೆ ಇವರು?" ಎಂದು ಕೇಳಿದರು. "ಸಾರಿ ಎನ್ನುತ್ತಿದ್ದಾರೆ" ಎಂದೆ. ಇಮ್ರಾನ್ ಮೂರು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಆದರೆ ನನ್ನ ದೊಡ್ಡ ಚಿಂತೆ ನಿಮ್ಮ ಗೆಳೆಯ ನಾಗರಾಜ್ ಅಂಕಲ್. ನೀವು ಹನ್ನೊಂದು ವರ್ಷ ಅವರನ್ನು ಫಸ್ಟ್ ಬೇಸ್‌ನಲ್ಲೇ ನಿಲ್ಲಿಸಿದಿರಿ. ಯಾರು ಚೆಂಡು ಹೆಕ್ಕಿದರೂ ಎಸೆಯುವುದು ಆ ಕಡೆಗೇ; ಅಲ್ಲಿರುವವರು ಹಿಡಿದರೆ ಬ್ಯಾಟರ್ ಔಟ್, ಬಿಟ್ಟರೆ ಬಚಾವ್. ನಾಲ್ಕು ಪಂದ್ಯಗಳಲ್ಲಿ ಬಚಾವಾದವರ ಗುರುತು ಹಾಕಿ ಹಾಕಿ ನನ್ನ ಪೆನ್ಸಿಲ್ ಮೊಂಡಾಯಿತು. ಚೆಂಡು ಅವರ ಎದೆಗೆ ಬಡಿಯುತ್ತಿತ್ತು, ಮೊಣಕಾಲಿಗೆ ಬಡಿಯುತ್ತಿತ್ತು, ಒಂದು ಸಲ ಟೋಪಿಯನ್ನೂ ಹಾರಿಸಿತು. ಗ್ಲೌಸಿಗೆ ಮಾತ್ರ ಬೀಳುತ್ತಿರಲಿಲ್ಲ. ಪ್ರತಿ ಸಲ ತಂಡವೆಲ್ಲ ನನ್ನ ಕಡೆ ನೋಡುತ್ತಿತ್ತು. ನಾನು ಪುಸ್ತಕದ ಕಡೆ ನೋಡುತ್ತಿದ್ದೆ.

ನಾಲ್ಕನೆಯ ಸೋಲಿನ ಮರುದಿನ ಲೀಗಿನಿಂದ ಪತ್ರ ಬಂತು. ಮೊದಲ ಐದು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದ ತಂಡವನ್ನು ಕೆಳಗಿನ ವಿಭಾಗಕ್ಕೆ ಇಳಿಸುತ್ತಾರಂತೆ. ಆ ವಿಭಾಗದ ಆಟಗಳೆಲ್ಲ ಮೇರಿಲ್ಯಾಂಡಿನ ಯಾವುದೋ ಮೂಲೆಯಲ್ಲಿ, ಭಾನುವಾರ ಬೆಳಿಗ್ಗೆ ಏಳು ಗಂಟೆಗೆ. ಐದಕ್ಕೆ ಎದ್ದು ಅಷ್ಟು ದೂರ ಸೋಲಲು ಹೋಗುವವರು ಯಾರು ಅಂಕಲ್? ಅಲ್ಲಿಗೆ ಇಳಿದರೆ ತಂಡವೇ ಇರುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ನೀವು ಹೋಗಿ ಮೂರೂವರೆ ತಿಂಗಳಿಗೆ ನಿಮ್ಮ ಹನ್ನೊಂದು ವರ್ಷದ ತಂಡವನ್ನು ನಾನು ಮುಳುಗಿಸುವುದೆಂದರೆ...

ಅದೇ ವಾರ ಸ್ಟರ್ಲಿಂಗ್‌ನ ನಮ್ಮ ಆಫೀಸಿಗೆ ಮೇಘನಾ ಎಂಬ ಹುಡುಗಿ ಸೇರಿದಳು. ಹುಟ್ಟಿ ಬೆಳೆದದ್ದೆಲ್ಲ ನಾರ್ತ್ ಕೆರೊಲಿನಾದ ಏಪೆಕ್ಸ್‌ನಲ್ಲಿ. ಊಟದ ಹೊತ್ತಿಗೆ ನಾನು ತಂಡದ ಪಟ್ಟಿ ಮುಂದಿಟ್ಟುಕೊಂಡು ತಲೆ ಹಿಡಿದು ಕೂತದ್ದನ್ನು ನೋಡಿ, "ಆಂಟಿ, ನಾನು ಆಡ್ತು ಬೇಸ್‌ಬಾಲ್. ಹೈಸ್ಕೂಲ್ ಟೀಮ್, ಫೋರ್ ಇಯರ್ಸ್" ಎಂದಳು. "ಆಡ್ತು ಅಲ್ಲಮ್ಮ, ಆಡಿದ್ದೆ" ಎಂದು ತಿದ್ದಿದೆ. "ಯಾ, ಅದೇ. ಶಾರ್ಟ್‌ಸ್ಟಾಪ್" ಎಂದಳು. ಎರಡನೇ ಮತ್ತು ಮೂರನೇ ಬೇಸ್ ನಡುವಿನ ಆ ಜಾಗ ಇಮ್ರಾನ್‌ದು. ಸಂಜೆ ಮೈದಾನಕ್ಕೆ ಕರೆದೊಯ್ದು ಹತ್ತು ನಿಮಿಷ ಆಡಿಸಿ ನೋಡಿದೆ. ಅವಳ ಕನ್ನಡದಲ್ಲಿದ್ದ ತಪ್ಪು ಆಟದಲ್ಲಿ ಒಂದೂ ಇರಲಿಲ್ಲ.

ಇಮ್ರಾನ್‌ಗೆ ಊಟ ಬಡಿಸುತ್ತಾ ವಿಷಯ ಎತ್ತಿದೆ. "ಕಟ್ಕೊಂಡ ಗಂಡನ್ನೇ ಡ್ರಾಪ್ ಮಾಡ್ತೀಯಾ?" ಎಂದರು. "ಡ್ರಾಪ್ ಅಲ್ಲ ರೀ, ಬೆಂಚ್" ಎಂದೆ. "ಯೂನಿವರ್ಸಿಟಿ ಪ್ಲೇಯರ್ ಕಣೇ ನಾನು!" "ಹೌದು. ಅದು ಬೇರೆ ಆಟ." ಅವರು ತಟ್ಟೆ ಎತ್ತಿಕೊಂಡು ಹೋಗಿ ಟಿವಿ ಮುಂದೆ ಕೂತರು. ಅಲ್ಲಿಂದಲೇ, "ಇನ್ನೊಂದ್ ಸ್ವಲ್ಪ ಸಾರು" ಎಂಬ ದನಿ ಕೇಳಿತು. ಅರ್ಧ ಗೆದ್ದೆ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ನಾಗರಾಜ್ ಅಂಕಲ್ ಮನೆಗೆ ಹೋದೆ. ದಾರಿಯುದ್ದಕ್ಕೂ ನಿಮ್ಮ ಬೆರಳು ಕಣ್ಣ ಮುಂದೆಯೇ ಇತ್ತು. ನೀವು ನನಗೊಮ್ಮೆ ಹೇಳಿದ್ದಿರಲ್ಲ, "ರಿಟೈರ್ ಆದ್ಮೇಲೆ ಅವನಿಗೆ ಬೇರೇನೂ ಇಲ್ಲಮ್ಮ. ಆ ಫಸ್ಟ್ ಬೇಸ್ ಕಿತ್ಕೊಂಡ್ರೆ ಒಡೆದುಹೋಗ್ತಾನೆ" ಎಂದು. ಕಾರು ನಿಲ್ಲಿಸಿ ಐದು ನಿಮಿಷ ಒಳಗೇ ಕೂತಿದ್ದೆ. ನಾಗರಾಜ್ ಅಂಕಲ್ಲೇ ಬಾಗಿಲು ತೆಗೆದು ಒಳಗೆ ಕರೆದು ಕೂರಿಸಿದರು. ಅವರ ಹೆಂಡತಿ ಜಾನಕಿ ಆಂಟಿ ಉಪ್ಪಿಟ್ಟು ಕೊಟ್ಟರು. ತಿಂದೆ. ಇನ್ನಷ್ಟು ಹಾಕಿದರು. ಅದನ್ನೂ ತಿಂದೆ. ಅವರ ಉಪ್ಪು ತಿಂದು ಈ ಮಾತು ಹೇಗೆ ಆಡಲಿ?

"ಅಂಕಲ್, ನಾಳೆ ಮ್ಯಾಚ್‌ಗೆ... ಫಸ್ಟ್ ಬೇಸ್‌ಗೆ... ಸ್ವಲ್ಪ ಚೇಂಜ್..."

ಅವರು ಕಾಫಿ ಲೋಟ ಕೆಳಗಿಟ್ಟರು. "ನನ್ನ ತೆಗ್ದುಬಿಟ್ಯಾ?"

ನಾನು ತಲೆ ತಗ್ಗಿಸಿದೆ. ಅವರು ಕುರ್ಚಿಯಿಂದ ಎದ್ದ ಸದ್ದಾಯಿತು. ಅಳುತ್ತಾರೋ ಬಯ್ಯುತ್ತಾರೋ ಎಂದು ಕಾದೆ. "ಜಾನಕೀ!" ಎಂದು ಅಡುಗೆಮನೆಯ ಕಡೆ ಕೂಗಿದರು. "ನನ್ನ ತೆಗ್ದುಬಿಟ್ರು ಕಣೇ! ಕೊನೆಗೂ ತೆಗ್ದುಬಿಟ್ರು!"

ಜಾನಕಿ ಆಂಟಿ ಸೌಟು ಹಿಡಿದೇ ಓಡಿ ಬಂದರು. "ನಿಜಾನಾ? ಇನ್ಮೇಲೆ ನೋವಿನ ಎಣ್ಣೆ ತಿಕ್ಕೋ ಕೆಲಸ ಇಲ್ವಾ?"

ಅಂಕಲ್, ನಿಮ್ಮ ಗೆಳೆಯರಿಗೆ ಚೆಂಡು ಕಂಡರೆ ಭಯ. ಮೊದಲ ದಿನದಿಂದಲೂ ಭಯ. "ಬಾಲ್ ಬಂತು ಅಂದ್ರೆ ಕಣ್ಣು ಮುಚ್ಕೊಂಡ್ಬಿಡ್ತೀನಿ ಕಣಮ್ಮ. ಎಲ್ಲಿ ಬಡೀತು ಅನ್ನೋದು ಬಡಿದ್ಮೇಲೇ ಗೊತ್ತಾಗೋದು" ಎಂದರು. ಮತ್ತೆ ಹನ್ನೊಂದು ವರ್ಷ ಯಾಕೆ ಆಡಿದಿರಿ ಎಂದು ಕೇಳಿದೆ. ಮತ್ತೆ ಕೂತು ಕಾಫಿ ಲೋಟ ಕೈಗೆತ್ತಿಕೊಂಡರು. "ಇಸ್ಮಾಯಿಲ್‌ನ ಹೆಂಡ್ತಿ ತೀರ್ಕೊಂಡ ವರ್ಷ ಅದು. ಬಂದು, ಟೀಮ್ ಮಾಡ್ತೀನಿ, ಬರ್ತೀಯಾ ಅಂದ. ಇಲ್ಲ ಅನ್ನಕ್ಕಾಗತ್ತಾ? ಒಂದು ಸೀಸನ್ ಆಡಿ ಬಿಡೋಣ ಅನ್ಕೊಂಡೆ. ಪ್ರತಿ ವರ್ಷ ಫಸ್ಟ್ ಬೇಸ್ ನಿಂದೇ ಕಣೋ ಅಂತಿದ್ದ. ನಾನಿಲ್ದಿದ್ರೆ ಒಡೆದುಹೋಗ್ತಾನೆ ಅನ್ನಿಸ್ತು."

ನೀವು ಅವರಿಗಾಗಿ ನಿಲ್ಲಿಸಿದಿರಿ, ಅವರು ನಿಮಗಾಗಿ ನಿಂತರು. ಒಂದು ಸಲವಾದರೂ ಬಾಯಿ ಬಿಟ್ಟು ಕೇಳಬಾರದಿತ್ತೇ ಇಬ್ಬರೂ? ನಾನು ನಗಲು ಶುರುಮಾಡಿದೆ, ಜಾನಕಿ ಆಂಟಿಯೂ ನಕ್ಕರು, ನಾಗರಾಜ್ ಅಂಕಲ್ ಕೂಡ ನಕ್ಕರು. ನಗುತ್ತಾ ನಗುತ್ತಾ ಅವರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಬಹಳ ಹೊತ್ತು ಒರೆಸಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಹೊರಡುವಾಗ ಅವರೇ ಕೇಳಿದರು: "ನನ್ ಜಾಗಕ್ಕೆ ಯಾರು?" ಯಾರೂ ಇಲ್ಲ ಎಂದೆ. "ಇಮ್ರಾನ್ ಕ್ರಿಕೆಟ್‌ನಲ್ಲಿ ಎಲ್ಲಿ ನಿಲ್ತಿದ್ದ?" "ಸ್ಲಿಪ್‌ನಲ್ಲಿ." "ಮತ್ತಿನ್ನೇನು? ಹಿಡಿಯೋದೇ ಕೆಲಸ. ಹಾಕು ಅವನ್ನ." ಹನ್ನೊಂದು ವರ್ಷ ಕಣ್ಣು ಮುಚ್ಚಿ ನಿಂತವರಿಗೆ ಕಂಡದ್ದು ಪುಸ್ತಕ ಬರೆಯುತ್ತಾ ಕೂತ ನನಗೆ ಕಂಡಿರಲಿಲ್ಲ.

ಭಾನುವಾರ ಎಲ್ಲರಿಗಿಂತ ಮೊದಲು ಮೈದಾನದಲ್ಲಿದ್ದವರು ನಾಗರಾಜ್ ಅಂಕಲ್. ಮಡಿಸುವ ಕುರ್ಚಿ, ಫ್ಲಾಸ್ಕ್, ಇಸ್ತ್ರಿ ಮಾಡಿದ ಅಂಗಿ. "ಅಭ್ಯಾಸ ಬಲ, ಎಚ್ಚರ ಆಗೋಯ್ತು" ಎಂದರು. ಆಟ ಶುರುವಾದ ಮೇಲೆ ಇಮ್ರಾನ್‌ಗೆ ಕೋಚಿಂಗ್ ಬೇರೆ: "ಕಣ್ಣು ಬಿಟ್ಕೊಂಡು ಹಿಡಿಯಪ್ಪಾ, ಕಣ್ಣು ಬಿಟ್ಕೊಂಡು!" ಇಮ್ರಾನ್ ಒಂದನ್ನೂ ಬಿಡಲಿಲ್ಲ. ಮೇಘನಾ ಎಲ್ಲೆಲ್ಲಿಂದಲೋ ಹಾರಿ ಎಸೆದದ್ದನ್ನೆಲ್ಲ ಹಿಡಿದರು. ಒಂದನ್ನಂತೂ ಗ್ಲೌಸ್ ಇಲ್ಲದ ಕೈಯಲ್ಲಿ ಹಿಡಿದು, ನನ್ನ ಕಡೆ ನೋಡಿ ಕಾಲರ್ ಎತ್ತಿಕೊಂಡರು.

ಕೊನೆಯ ಇನ್ನಿಂಗ್ಸ್. ಎರಡೂ ತಂಡ ಆರು ರನ್; ನಮ್ಮ ಲೀಗಿನಲ್ಲಿ ಹೆಚ್ಚುವರಿ ಇನ್ನಿಂಗ್ಸ್ ಇಲ್ಲ, ಸಮವಾದರೆ ಗೆಲುವಲ್ಲ. ನಮ್ಮ ಬ್ಯಾಟಿಂಗ್, ಇಬ್ಬರು ಔಟ್, ಮೂರೂ ಬೇಸ್‌ಗಳಲ್ಲಿ ನಮ್ಮವರು. ಬ್ಯಾಟ್ ಹಿಡಿದು ಬಂದವರು ಯಾರು ಹೇಳಿ? ಹೌದು. ಅವರ ಪಿಚರ್ ಸುಸ್ತಾಗಿ ಚೆಂಡನ್ನು ದೂರ ದೂರ ಎಸೆಯುತ್ತಿದ್ದ. ಅಂಥ ನಾಲ್ಕು ಚೆಂಡು ಸುಮ್ಮನೆ ಬಿಟ್ಟರೆ ಬೇಸ್ ಪುಕ್ಕಟೆ, ಮುಂದಿರುವವರೆಲ್ಲ ಒಂದೊಂದು ಬೇಸ್ ಸರಿದು ಗೆಲುವಿನ ರನ್ನೂ ಪುಕ್ಕಟೆ. ಇಮ್ರಾನ್‌ರನ್ನು ಪಕ್ಕಕ್ಕೆ ಕರೆದೆ. "ಏನೇ ಬಂದ್ರೂ ಬ್ಯಾಟ್ ಎತ್ಬೇಡಿ."

"ಏನೂ ಮಾಡ್ದೆ ನಿಂತ್ಕೋಬೇಕಾ?"

"ಮನೇಲಿ ಮಾಡಲ್ವಾ? ಹಂಗೇ."

ನಿಂತರು. ಎರಡು ಚೆಂಡು ದೂರ ಹೋದವು. ಮೂರನೆಯದು ನಟ್ಟ ನಡುವೆ ಬಂತು. ಅವರ ಭುಜ ನಡುಗಿದ್ದು ನನಗೆ ಕಾಣಿಸಿತು, ಎತ್ತಲಿಲ್ಲ. ಮತ್ತೊಂದು ದೂರ. ಮತ್ತೊಂದು ನಡುವೆ. ಇನ್ನುಳಿದದ್ದು ಒಂದೇ; ಅದೂ ನಡುವೆ ಬಂದರೆ, ಅಂಥ ಮೂರಕ್ಕೆ ಔಟ್; ಮುಗಿಯಿತು, ಮೇರಿಲ್ಯಾಂಡ್. ನಾಗರಾಜ್ ಅಂಕಲ್ ಅಭ್ಯಾಸದಂತೆ ಕಣ್ಣು ಮುಚ್ಚಿಕೊಂಡರು. ಚೆಂಡು ನೆಲಕ್ಕೆ ಬಡಿದು, ಧೂಳೆಬ್ಬಿಸಿ, ಬೇಲಿಯ ಕಡೆ ಉರುಳಿತು. ಇಮ್ರಾನ್ ಬ್ಯಾಟನ್ನು ಕೆಳಗಿಟ್ಟು, ಮದುವೆ ಮನೆಗೆ ಹೊರಟವರ ಹಾಗೆ ಫಸ್ಟ್ ಬೇಸ್‌ಗೆ ನಡೆದರು. ಏಳು–ಆರು. ಮೇಘನಾ ನನ್ನನ್ನು ಎತ್ತಿ ತಿರುಗಿಸಿ, "ಆಂಟಿ, ನಾವು ಗೆದ್ದು!" ಎಂದು ಕೂಗಿದಳು. ಆ ಹೊತ್ತು ಅವಳ ವ್ಯಾಕರಣ ತಿದ್ದುವ ಮನಸ್ಸಾಗಲಿಲ್ಲ.

ಇನ್ನೊಂದು ವಿಷಯವಿದೆ ಅಂಕಲ್. ಅದನ್ನು ಹೇಳಲೆಂದೇ ಬರೆಯಲು ಕೂತದ್ದು, ಸುತ್ತಿ ಬಳಸಿ ಇಲ್ಲಿಗೆ ಬಂದೆ. ಲೀಗಿನ ಪಟ್ಟಿಯಲ್ಲಿ ಹದಿನೈದೇ ಹೆಸರು ಇರಬೇಕು. ಮೇಘನಾಳನ್ನು ಸೇರಿಸಲು ಯಾರನ್ನಾದರೂ ತೆಗೆಯಲೇಬೇಕಿತ್ತು. ನಾಗರಾಜ್ ಅಂಕಲ್ ಹೆಸರನ್ನು ಪಟ್ಟಿಯಲ್ಲೂ ಮುಟ್ಟುವ ಹಾಗಿರಲಿಲ್ಲ, ಅದು ನಿಮ್ಮ ಮಾತು. ಆ ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತೆಗೆದು ನೋಡಿದರೆ, ಮೊದಲ ಸಾಲಿನಲ್ಲೇ ನಿಮ್ಮ ಹೆಸರು. ಜನವರಿಯಿಂದ ಅದನ್ನು ತೆಗೆಯಲು ನನಗೆ ಕೈ ಬಂದಿರಲಿಲ್ಲ. ತೆಗೆದೆ. ಕಾರಣ ಆಯ್ಕೆ ಮಾಡಿ ಎಂದಿತು: ಗಾಯ, ಆಸಕ್ತಿ ಇಲ್ಲ, ಊರು ಬದಲಾಯಿಸಿದ್ದಾರೆ. ನಾಲ್ಕನೆಯದು ಇರಲಿಲ್ಲ. ಊರು ಬದಲಾಯಿಸಿದ್ದಾರೆ ಎಂದು ಒತ್ತಿದೆ.

ಸೋಮವಾರ ಲೀಗಿನ ಆಫೀಸಿನಿಂದ ಯಾರೋ ಹೊಸಬಳು ಉತ್ತರ ಬರೆದಿದ್ದಳು: ಹೊಸ ಊರಿನಲ್ಲಿ ಅವರಿಗೆ ಒಳ್ಳೆಯ ತಂಡ ಸಿಗಲಿ ಎಂದು ಹಾರೈಸುತ್ತೇನೆ.

ಸಿಗದಿದ್ದರೂ ಚಿಂತೆಯಿಲ್ಲ, ಅವರೇ ಒಂದು ಕಟ್ಟುತ್ತಾರೆ ಎಂದು ಬರೆದು, ಕೆಳಗೆ "ಆನಿ" ಎಂದು ಸಹಿ ಮಾಡಿ ಕಳಿಸಿದೆ.