ಗೌರವ್ವನ ಉಸಿರು

ಗೋಕಾಕ
ತಾ. ೧೪ ಫೆಬ್ರುವರಿ ೧೯೪೦

ಹುಕ್ಕೇರಿಯ ಶ್ರೀ ಮುರಿಗೆಪ್ಪನವರಿಗೆ ಕಾಶೆವ್ವ ಮಾಡುವ ಶರಣು.

ಗಂಡನ ಹೆಸರು ಹಿಡಿದು ಬರೆದಳೆಂದು ಸಿಟ್ಟಾಗಬೇಡಿರಿ. ಇಪ್ಪತ್ತೊಂದು ವರ್ಷದಿಂದ ನಾನು ನಿಮ್ಮ ಮನೆಯವಳಲ್ಲ. ಈಗ ಇಲ್ಲಿಯ ದವಾಖಾನೆಯಲ್ಲಿ ನರ್ಸು. ಈ ಪತ್ರ ನಿಮ್ಮ ಸೊಸೆ ಗೌರವ್ವನ ಸಲುವಾಗಿ. ಹೋದ ಸೋಮವಾರ ಆಕೆ ಹೆಣ್ಣು ಕೂಸು ಹೆತ್ತಳು. ಇಬ್ಬರೂ ಆರಾಮ.

ಸೀಗಿ ಹುಣ್ಣಿಮೆಯ ಮರುದಿನ ನಿಮ್ಮ ಅಕ್ಕ ಉದ್ದವ್ವ ಆಕೆಯನ್ನು ಕಲ್ಲೋಳಿಯ ತವರಿಗೆ ಬಿಟ್ಟುಬರಲು ಗಾಡಿಯಲ್ಲಿ ಹೊರಟಿದ್ದರು. ದಾರಿಯಲ್ಲಿ ದವಾಖಾನೆಗೆ ಬಂದರು. "ಆರ ತಿಂಗಳ ಬಸರಿ. ನಾಕ ಮೆಟ್ಟಲಾ ಹತ್ತಿದ್ರ ತೇಕತಾಳ. ದಮ್ಮಿನ ರೋಗಾ ಮುಚ್ಚಿಟ್ಟ ಲಗ್ನಾ ಮಾಡ್ಯಾರ. ಹಂಗಂತ ಒಂದ ಚೀಟಿ ಬರಕೊಡ್ರಿ, ನರ್ಸಬಾಯಾರ" ಎಂದರು. ನನ್ನ ಬಿಳಿ ಟೋಪಿ ನೋಡಿದ್ದರೇ ಹೊರತು ಮುಖ ನೋಡಿರಲಿಲ್ಲ.

ಗೌರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಉಸಿರಾಡುವುದೇ ತಪ್ಪೆಂಬಂತೆ ಅದುಮಿ ಹಿಡಿದು ನಿಂತಿದ್ದಳು. ನಾನೂ ಒಮ್ಮೆ ಹಾಗೆ ನಿಂತವಳು.

ಎದೆಗೆ ನಳಿಗೆ ಇಟ್ಟು ಕೇಳಿದೆ, ಸಿಳ್ಳಿನ ಸದ್ದಿಲ್ಲ. ತುಟಿ, ಉಗುರು ಕೆಂಪಗಿದ್ದವು. ಕಾಲಿಗೆ ಬಾವಿಲ್ಲ. ಮಲಗಿಸಿದರೂ ತೇಕಲಿಲ್ಲ. ಡಾಕ್ಟರ್ ಬಾಯಿಯವರೂ ನೋಡಿ ರೋಗವೇನೂ ಇಲ್ಲವೆಂದರು. ಉದ್ದವ್ವ ನಂಬಲೊಲ್ಲರು. ಗಡಿಯಾರ ಹಿಡಿದು ಗೌರವ್ವನ ಉಸಿರು ಎಣಿಸಿದೆ, ಆಮೇಲೆ ಹೇಳದೆ ಉದ್ದವ್ವನದೂ ಎಣಿಸಿದೆ. ಇಬ್ಬರದೂ ನಿಮಿಷಕ್ಕೆ ಹದಿನೆಂಟು.

"ಹಂಗಾದ್ರ ಆಕಿಗೆ ತೇಕ ಯಾಕ ಬರತೈತಿ?" ಎಂದು ಕೇಳಿದರು.

ಅವರಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತೇನೆ. ಬಸುರಿಯ ಉಸಿರು ಎಣಿಕೆಯಲ್ಲಿ ಅಷ್ಟಾಗಿ ಹೆಚ್ಚುವುದಿಲ್ಲ, ಒಂದೊಂದು ಉಸಿರೂ ಮೊದಲಿಗಿಂತ ಆಳವಾಗುತ್ತದೆ. ಹೊಟ್ಟೆ ಕಾಣುವ ಮೊದಲೇ ಇದು ಶುರುವಾಗುತ್ತದೆ. ಅದರಿಂದ ತಾಯಿಯ ರಕ್ತದಲ್ಲಿ ಕೆಟ್ಟ ಗಾಳಿ ಕಡಿಮೆಯಾಗುತ್ತದೆ. ಆಗಲೇ ಕೂಸಿನ ರಕ್ತದ ಕೆಟ್ಟ ಗಾಳಿ ಸಲೀಸಾಗಿ ತಾಯಿಯ ರಕ್ತಕ್ಕೆ ದಾಟಿ ಹೊರಗೆ ಹೋಗುವುದು. ಇಬ್ಬರ ಉಸಿರು ಒಬ್ಬಳೇ ಆಡುವಾಗ ತೇಕಿದಂತೆ ಅನಿಸುವುದು ಸಹಜ.

ಆಗ ಉದ್ದವ್ವ ನನ್ನ ಮುಖ ನೋಡಿದರು. ಗುರುತು ಹಿಡಿದರು. "ಕಾಶೆವ್ವಾ... ಹಂಗಾದ್ರ ಅವತ್ತ ನಿಂದೂ...?"

"ನಂದೂ ಇದ ಇತ್ರಿ, ಅಕ್ಕಾರ" ಎಂದೆ.

ಬಸುರಿಯಾಗಿದ್ದ ನನ್ನನ್ನು ದಮ್ಮಿನವಳೆಂದು ಮೂಡಲಗಿಯ ತವರಿಗೆ ಬಿಟ್ಟುಹೋದವರೂ ಅವರೇ.

ನಿಮಗೆ ಯಾರೂ ತಿಳಿಸಿರಲಿಕ್ಕಿಲ್ಲ. ನನ್ನ ಕೂಸು ಮೂರು ದಿನ ಬದುಕಿತ್ತು. ನನ್ನ ತೇಕು ಆ ವಾರದಲ್ಲೇ ಹೋಯಿತು, ಇವತ್ತಿನವರೆಗೆ ಮರಳಿ ಬಂದಿಲ್ಲ. ಅಷ್ಟರಲ್ಲಿ ನಿಮ್ಮ ಎರಡನೆಯ ಲಗ್ನ ಆಗಿಹೋಗಿತ್ತು.

ಚೀಟಿಯಲ್ಲಿ ಸೊಸೆ ಗಟ್ಟಿಮುಟ್ಟಾಗಿದ್ದಾಳೆಂದು ಬರೆದುಕೊಟ್ಟೆವು. ನಿಮ್ಮ ಅಪ್ಪಣೆಯಿಲ್ಲದೆ ಮರಳಿ ಕರೆತರಲಾರದೆ ಉದ್ದವ್ವ ಆಕೆಯನ್ನು ಕಲ್ಲೋಳಿಗೆ ಬಿಟ್ಟು, ಚೀಟಿಯನ್ನು ನಿಮಗೆ ತಂದುಕೊಟ್ಟರು. ನೀವು ಓದಿಯೂ ಗಾಡಿ ಕಳಿಸಲಿಲ್ಲ. ಗೌರವ್ವ ಕಲ್ಲೋಳಿಯಲ್ಲೇ ಉಳಿದು, ದಿನ ತುಂಬಿದಾಗ ಇಲ್ಲಿಗೆ ಬಂದಳು. ಇಂದು ಮುಂಜಾನೆ ಕೂಸನ್ನೆತ್ತಿಕೊಂಡು, ಹಾಡಿಕೊಳ್ಳುತ್ತ ಪಡಸಾಲೆಯ ತುಂಬ ಅಡ್ಡಾಡಿದಳು. ಹಾಡು ಎಲ್ಲಿಯೂ ತುಂಡಾಗಲಿಲ್ಲ.

ಹೆಸರಿಡುವ ದಿನ ನೀವೇ ಕಲ್ಲೋಳಿಗೆ ಹೋಗಿರಿ, ಅಕ್ಕನನ್ನು ಕಳಿಸಬೇಡಿರಿ. ಬೀಗರೆಲ್ಲರ ಎದುರು, ನಮ್ಮ ಸೊಸೆಗೆ ದಮ್ಮಿನ ರೋಗವಿಲ್ಲ, ತಪ್ಪು ನಮ್ಮದು ಎಂದು ಹೇಳಿರಿ. ಐದನೆಯ ತಿಂಗಳಿಗೆ ತಾಯಿ ಮಗುವನ್ನು ಮನೆಗೆ ಕರೆದುಕೊಳ್ಳಿರಿ. ನನ್ನ ವಿಷಯ ಎತ್ತಬೇಕಾಗಿಲ್ಲ. ಅದರ ಹೊತ್ತು ಮೀರಿತು.

ಇಷ್ಟು ಬರೆದವಳು,
ಕಾಶೆವ್ವ, ಮೂಡಲಗಿಯವಳು

ತಾ.ಕ.: ನಿಮ್ಮ ಮಗ ಗುರುಲಿಂಗಪ್ಪ ಸಂತೆಯ ನೆಪ ಮಾಡಿ ಹದಿನೈದು ದಿನಕ್ಕೊಮ್ಮೆ ಕಲ್ಲೋಳಿಗೆ ಹೋಗಿ ಹೆಂಡತಿಯನ್ನು ನೋಡಿ ಬರುತ್ತಿದ್ದ. ಹೆರಿಗೆಯ ದಿನ ಇಲ್ಲೇ ಬಾಗಿಲಲ್ಲಿ ಕೂತಿದ್ದ. ನನ್ನನ್ನು ದೊಡ್ಡವ್ವ ಎನ್ನುತ್ತಾನೆ. ನೀವು ಹೋಗದಿದ್ದರೆ ಗೋಕಾಕದಲ್ಲೇ ಮನೆ ಹಿಡಿಯುತ್ತಾನಂತೆ, ಗಿರಣಿಯಲ್ಲಿ ಕೆಲಸವನ್ನೂ ಗೊತ್ತುಮಾಡಿಕೊಂಡಿದ್ದಾನೆ. ಅಪ್ಪಗ ಹೇಳಬ್ಯಾಡ್ರಿ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಮಾತು ಮುರಿದದ್ದಕ್ಕೆ ಅವನ ಕ್ಷಮೆ ಕೇಳುತ್ತೇನೆ, ನಿಮ್ಮದಲ್ಲ.