ಗುರುಬಾಯಿಗೆ ಹಸಿವಾದ ದಿನ

ವಿಜಯಪುರ
ಎರಡನೆಯ ಬಿಸಿಗಾಲದ ಹುಣ್ಣಿಮೆ, 2231

ಇನ್ನೂರು ವರ್ಷ ಹಿಂದೆ ಬಾಳುತ್ತಿರುವ ಹಿರಿಯರಿಗೆ ಬೋರಮ್ಮನ ಶರಣು.

ಈ ತಾರೀಖು ಕಂಡು ನಗು ಬಂದರೆ ನಗಿರಿ, ಇಲ್ಲಿ ನಗುವವರು ಕಡಿಮೆ. ನನ್ನ ಮಾತಿನ ನಡುವೆ ನೀವು ಕೇಳದ ಪದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಕಾಲದಲ್ಲಿ ಹೊಟ್ಟೆಗೆ ಹಾಕಿಕೊಳ್ಳುವುದೆಂದರೆ ಇದೊಂದೇ ಉಳಿದಿದೆ.

ನಮ್ಮಲ್ಲಿ ಮಗು ಹಾಲು ಬಿಟ್ಟ ಕೂಡಲೇ ತೋಳಿಗೆ ಹದಪಟ್ಟಿ ಕಟ್ಟುತ್ತೇವೆ. ನೀವು ಮಗುವಿನ ಬಾಯಿಗೆ ಮೊದಲ ತುತ್ತು ಇಡುತ್ತಿದ್ದ ದಿನವೇ ನಮಗೆ ಪಟ್ಟಿ ಕಟ್ಟುವ ದಿನ. ಬಂಧುಬಳಗ ಸೇರಿ ಆರತಿ ಬೆಳಗುತ್ತೇವೆ. ಮೈಗೆ ಬೇಕಾದ ಸತ್ವವನ್ನೆಲ್ಲ ಆ ಪಟ್ಟಿ ಚರ್ಮದ ಮೂಲಕ ಇಳಿಸುತ್ತದೆ, ಮಲಗಿದಾಗ ತೊಡೆ ಬೆನ್ನುಗಳನ್ನು ಮಿಡಿಸಿ ವ್ಯಾಯಾಮವನ್ನೂ ಮುಗಿಸುತ್ತದೆ. ಇದು ಬಂದದ್ದು ನನ್ನ ಮದುವೆಯಾದ ಮೇಲೆ. ಹಾಗಾಗಿ ಊಟದ ನೆನಪಿರುವ ಕೊನೆಯ ಮುದುಕಿಯರಲ್ಲಿ ನಾನೊಬ್ಬಳು, ಮತ್ತು ನಾನಿನ್ನೂ ಪಟ್ಟಿ ಕಟ್ಟಿಕೊಂಡಿಲ್ಲ.

ತಪ್ಪು ಪೂರ್ತಿ ನಮ್ಮದಲ್ಲ. ನಿಮ್ಮ ಕಾಲದಿಂದಲೇ ಹರೆಯದ ಮಕ್ಕಳು ಕುರುಕಲು ಪೊಟ್ಟಣ ಹಿಡಿದು ಪರದೆಯ ಮುಂದೆ ಕೂತರಂತೆ. ಕೆಲವರು ಕನ್ನಡಿ ನೋಡಿ ನೋಡಿ ಅನ್ನವನ್ನೇ ಬಿಟ್ಟರಂತೆ. ತಟ್ಟೆಯ ಮುಂದಿನ ಜಗಳಕ್ಕೆ ಬೇಸತ್ತ ದೊಡ್ಡವರು ಕೊನೆಗೆ ತಟ್ಟೆಯನ್ನೇ ಎತ್ತಿಟ್ಟರು. ಈಗಿನ ಮಕ್ಕಳ ಮೈಕಟ್ಟು ನೋಡಿದರೆ ದೃಷ್ಟಿ ತೆಗೆಯಬೇಕು, ಅಷ್ಟು ಚೆಂದ. ಆದರೆ ಹದಿಮೂರು ದಾಟುತ್ತಿದ್ದಂತೆ ಅವರಿಗೆ ಮಂಕು ಬಡಿಯುತ್ತದೆ. ಗೋಡೆಗೆ ಒರಗಿ ಕೂರುತ್ತಾರೆ. ಯಾರೊಡನೆಯೂ ಜಗಳವಿಲ್ಲ, ಯಾವುದಕ್ಕೂ ಹಟವಿಲ್ಲ. ಪಟ್ಟಿ ಮಾತ್ರ ಎಲ್ಲ ಸರಿಯಿದೆ ಎಂದು ಹಸಿರು ತೋರಿಸುತ್ತಿರುತ್ತದೆ.

ನನ್ನ ಮೊಮ್ಮಗಳು ಗುರುಬಾಯಿಗೆ ಹದಿನೈದು. ವರ್ಷದಿಂದ ಅವಳ ಬಾಯಲ್ಲಿ ಹೌದು, ಇಲ್ಲ ಬಿಟ್ಟರೆ ಮಾತಿರಲಿಲ್ಲ. ಕಳೆದ ಬಿಸಿಗಾಲದಲ್ಲಿ ಅವಳ ಪಟ್ಟಿ ಕೆಟ್ಟು ರಿಪೇರಿಗೆ ಹೋಯಿತು. ಮರುದಿನ ಸೊಸೆ ಕಸ್ತೂರಿ ಕೆಲಸಕ್ಕೆ ಹೋದದ್ದೇ ತಡ, ಹುಡುಗಿಯನ್ನು ಗುಮ್ಮಟಕ್ಕೆ ಕರೆದೊಯ್ದೆ. ನೆಲದ ಮೇಲೆ ತಂಪು ಉಳಿದಿರುವುದು ಅಲ್ಲೊಂದೇ ಕಡೆ. ಮುಟ್ಟಾಟ ಕಲಿಸಿದೆ. ಮೊದಲು ಎರಡು ಸಲ ಬಿದ್ದಳು, ಆಮೇಲೆ ಓಡಿದಳು ನೋಡಿ! ಜಡೆ ಬಿಚ್ಚಿತು, ಮುಖ ಕೆಂಪಾಯಿತು, ಅವಳು ನಕ್ಕದ್ದಕ್ಕೆ ಗುಮ್ಮಟವೆಲ್ಲ ನಕ್ಕಿತು. ನನಗೆ ಅಳು ತಡೆಯಲಾಗಲಿಲ್ಲ. ಹೊರಡುವಾಗ ಹೊಟ್ಟೆ ಹಿಡಿದು ನಿಂತಳು.

“ಅಜ್ಜಿ, ಒಳಗ ಯಾರೋ ಕರ್ಯಾಕತ್ತಾರ.”

“ಅದಕ್ಕ ಹಸಿವು ಅಂತಾರವ್ವ. ಮನಿಗೆ ನಡಿ, ರೊಟ್ಟಿ ಬಡೀತೀನಿ.”

ಕುಂಡದಲ್ಲಿ ನಾನೇ ಬೆಳೆದ ಜೋಳದ ಹಿಟ್ಟು ಸ್ವಲ್ಪವಿತ್ತು. ಹಂಚು ಕಾಯಿಸಿ ಮೊದಲ ರೊಟ್ಟಿ ಹಾಕಿದ್ದೆ, ಗುರುಬಾಯಿ ಒಲೆಯ ಪಕ್ಕದಲ್ಲೇ ಕೂತು ಬಗ್ಗಿ ಬಗ್ಗಿ ವಾಸನೆ ನೋಡುತ್ತಿದ್ದಳು. ಅಷ್ಟರಲ್ಲಿ ಕಸ್ತೂರಿ ಬಂದಳು. ಬೆವರು, ಕೆಂಪು ಮುಖ, ಹೊಟ್ಟೆ ಹಿಡಿದ ಕೈ ಕಂಡು ಅವಳ ಜೀವ ಬಾಯಿಗೆ ಬಂತು.

“ಅತ್ತಿ, ನನ್ನ ಕೂಸಿಗೆ ಏನ್ ಮಾಡಿದ್ರಿ?”

ಅದು ಹಸಿವು ಎಂದೆ. ಬುದ್ಧಿ ಬಂದಾಗಿನಿಂದ ಹಸಿದೇ ಇಲ್ಲದವಳಿಗೆ ಹೇಗೆ ತಿಳಿಸಲಿ? ಅವಳು ಕೆಟ್ಟವಳಲ್ಲ, ಮಗಳೆಂದರೆ ಪ್ರಾಣ. ಆ ಪ್ರಾಣಭಯದಲ್ಲೇ ಎಳೆದುಕೊಂಡು ಆಸ್ಪತ್ರೆಗೆ ಓಡಿದಳು. ಹುಡುಗಿಯಲ್ಲಿ ಹಸಿವಿನ ನರ ಇನ್ನೂ ಜೀವಂತವಾಗಿದೆ, ಹೀಗೆ ಬಿಡಬಾರದು ಎಂದರಂತೆ ಅಲ್ಲಿನವರು. ಸಂಜೆಯೊಳಗೆ ಗುಣಪಡಿಸಿ ಕಳಿಸಿದರು. ಹೊಸ ಪಟ್ಟಿಯನ್ನೂ ಕಟ್ಟಿದ್ದರು. ಆ ರೊಟ್ಟಿಯನ್ನು ನಾನೊಬ್ಬಳೇ ತಿಂದೆ.

ನಿನ್ನೆ ಮತ್ತೆ ಅವಳನ್ನು ಗುಮ್ಮಟಕ್ಕೆ ಕರೆದೊಯ್ದೆ. ಕರೆದೆನೆಂದು ಬಂದಳು, ನಿಲ್ಲಿಸಿದಲ್ಲಿ ನಿಂತಳು. ದೂರ ಹೋಗಿ ಅವಳ ಹೆಸರು ಕೂಗಿದೆ. ಗುಮ್ಮಟ ಮತ್ತೆ ಮತ್ತೆ ಕರೆಯಿತು. ಅವಳು ತಿರುಗಿ ನೋಡಲಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟೇ. ನಿಮ್ಮ ಮಕ್ಕಳು ಆಡಿ ಬಂದು, ಚಪ್ಪಲಿಯನ್ನು ಮೂಲೆಗೆ ಎಸೆದು, ಹಸಿವು ಎಂದು ಮನೆ ಕಿತ್ತುಹೋಗುವಂತೆ ಕೂಗಿದರೆ ಗದರಬೇಡಿ. ಕೈಗೆ ಪೊಟ್ಟಣ ಕೊಟ್ಟು ಸಾಗಹಾಕಲೂ ಬೇಡಿ. ಬಿಸಿಯಾಗಿ ಏನಾದರೂ ಮಾಡಿ ಬಡಿಸಿ, ಉಣ್ಣುವ ತನಕ ಪಕ್ಕದಲ್ಲಿ ಕೂತಿರಿ. ನಾಳೆ ಮತ್ತೆ ಆಡಲು ಕಳಿಸಿ.

ಹಂಚನ್ನು ತೆಗೆದಿಡಿ ಎಂದು ಕಸ್ತೂರಿ ದಿನವೂ ಹೇಳುತ್ತಾಳೆ. ನಾನಿನ್ನೂ ಒಲೆಯಿಂದ ಇಳಿಸಿಲ್ಲ.